ರಾಂಪತ್ರೆ ಒಣಗಿದ ಗುಡ್ಡ

ವರ್ಗೀಸ್ ಚೇಟ ನನ್ನನ್ನು ಕಳ್ಳ ಎಂದಿದ್ದರೂ ಸಹಿಸುತ್ತಿದ್ದೆ. ಗಿಡ ಕೊಂದವ ಎಂದರು. ಅದೂ ನೆಲ್ಯಾಡಿ ಪೇಟೆಯಲ್ಲಿ, ಹೋಟೆಲಿನ ಎದುರು, ಹತ್ತು ಜನ ಕೇಳುವಂತೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ನನ್ನ ಕೈಯಲ್ಲಿ ಗಿಡ ಬದುಕುವುದಿಲ್ಲ ಎಂದು ಸುದ್ದಿಯಾದರೆ ನಾಳೆ ಕೆಲಸಕ್ಕೆ ಯಾರು ಕರೆಯುತ್ತಾರೆ?

ಕೇರಳದಿಂದ ಬಂದು ಮೂವತ್ತು ವರ್ಷ ರಬ್ಬರ್ ಬೆಳೆದ ನನ್ನ ಧಣಿ ಚೇಟನಿಗೆ ಮರ ಕಡಿಸಿದ ಗುಡ್ಡದಲ್ಲಿ ಕಾಡು ಬೆಳೆಸುವ ಆಸೆ. ಜೂನಿನಲ್ಲಿ ನಾವಿಬ್ಬರೂ ರಬ್ಬರಿಗೆ ಮಾಡುವ ಹಾಗೆಯೇ ಹಗ್ಗ ಹಿಡಿದು, ಒಂದೇ ಅಳತೆಯ ಗುಂಡಿ ತೋಡಿ, ಬುಡದಿಂದ ನೆತ್ತಿಯವರೆಗೆ ಇನ್ನೂರು ರಾಂಪತ್ರೆ ಸಸಿ ನೆಟ್ಟಿದ್ದೆವು. ಅಕ್ಟೋಬರಿಗೆ ಮೇಲಿನ ಸಾಲುಗಳೆಲ್ಲ ಒಣಗಿದವು.

"ನೀರು ಹಾಕಿದ್ದೀಯಾ ಸೀನ, ಅಲ್ಲ ಮೊಬೈಲ್ ನೋಡಿಕೊಂಡು ಕೂತದ್ದಾ?"

"ಬನ್ನಿ ನಿಮ್ಮ ಗುಡ್ಡದ ಪಕ್ಕದ ಕಾಡಿಗೆ. ಅಲ್ಲಿ ಯಾರು ನೀರು ಹಾಕುದು ನೋಡುವ!"

ಸಿಟ್ಟಿನಲ್ಲಿ ಹೊರಡಿಸಿಯೇಬಿಟ್ಟೆ. ಅಲ್ಲಿ ಎಂತ ತೋರಿಸುವುದೆಂದು ನನಗೂ ಗೊತ್ತಿರಲಿಲ್ಲ.

ಕೆಳಗೆ ಹರಿಯುವ ತೋಡಿನ ಬದಿ ಕರಿ ಕೆಸರು. ರಾಂಪತ್ರೆ ಮರಗಳು ಬೇರನ್ನು ಮೊಣಕಾಲಿನಂತೆ ಮಡಚಿ ನೀರಿನಿಂದ ಮೇಲೆ ಎತ್ತಿ ನಿಂತಿದ್ದವು, ಉಸಿರಿಗೆಂದೇ. ನೂರು ಹೆಜ್ಜೆ ಹತ್ತಿದೆವು. ಒಂದೂ ರಾಂಪತ್ರೆ ಇಲ್ಲ! ತರಗೆಲೆ ಕೊಳೆತ ಮೆತ್ತನೆಯ ಮಣ್ಣು, ನಾಲ್ವರು ಸೇರಿದರೂ ತಬ್ಬಲಾಗದ ಧೂಪದ ಮರಗಳು. ಇನ್ನೂ ಮೇಲೆ ಮಣ್ಣು ಕೆಂಪಾಯಿತು, ತೆಳುವಾಯಿತು, ಮರಗಳು ಗಿಡ್ಡವಾದವು. ನೆಲ್ಲಿ, ಕೇಪುಳ. ನೆತ್ತಿಯಲ್ಲಿ ಬರೀ ಮುರಕಲ್ಲಿನ ಪಾದೆ, ಬೋಳು ಬಂಡೆ. ಅದರ ಹೊಂಡವೊಂದರಲ್ಲಿ ಒಂದು ಚಿಟಿಕೆ ಮಣ್ಣು, ಅದರಲ್ಲಿ ನಾಣ್ಯದಗಲದ ಕೆಂಪು ಗಿಡ. ಎಲೆಯ ಕೂದಲ ತುದಿಯಲ್ಲೆಲ್ಲ ಅಂಟು ಹನಿ. ಸೊಳ್ಳೆಯೊಂದು ಸಿಕ್ಕಿ ಒದ್ದಾಡುತ್ತಿತ್ತು.

"ಕರ್ತಾವೇ! ಎಂತ ಮಾರಾಯ ಇದು, ಗಿಡ ಸೊಳ್ಳೆ ತಿನ್ನುದಾ?"

"ಈ ಕಲ್ಲಲ್ಲಿ ಮತ್ತೆಂತ ಉಂಟು ಅದಕ್ಕೆ ತಿನ್ಲಿಕ್ಕೆ?"

ಹೇಳಿದವನು ನಾನೇ, ಮೈ ಜುಂ ಎಂದದ್ದೂ ನನಗೇ. ಒಂದೇ ಆಕಾಶದ ಮಳೆ. ಅರ್ಧ ಗಂಟೆಯ ದಾರಿಯಲ್ಲಿ ಮೂರು ಕಾಡು! ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಕಲ್ಲಿನ ಮೇಲೆ ಎಷ್ಟು ಮಣ್ಣು ಉಳಿದಿದೆ ಎಂಬುದನ್ನೆಲ್ಲ ಒಂದೊಂದು ಬೀಜವೂ ನಮಗಿಂತ ಮೊದಲೇ ಓದಿಕೊಂಡಿತ್ತು.

ಇಬ್ಬರೂ ಆ ಗಿಡದೆದುರು ಮಂಡಿಯೂರಿ ಕೂತೇ ಇದ್ದೆವು. ಸೊಳ್ಳೆ ಅಲ್ಲಾಡುವುದು ನಿಂತಿತು.

"ನೀನು ಕೊಂದದ್ದಲ್ಲ ಸೀನ," ಎಂದರು ಚೇಟ. "ಅದೇ ಹೋಟೆಲಿನ ಎದುರು ಹೇಳ್ತೇನೆ."

ಆ ಮಾತಿಗಾಗಿಯೇ ಹತ್ತಿ ಬಂದಿದ್ದೆ. ಆದರೆ ಅದನ್ನು ತೆಗೆದುಕೊಳ್ಳಲು ಆಗಲಿಲ್ಲ.

"ಮೇಲಿನ ಸಾಲಿಗೆ ಗುಂಡಿ ತೋಡುವಾಗ ಪಿಕ್ಕಾಸು ಕಲ್ಲಿಗೆ ಠಣ್ ಎಂದದ್ದು ನನಗೆ ಕೇಳಿತ್ತು ಚೇಟ. ಆದ್ರೂ ನೆಟ್ಟೆ. ಹೇಳುದಾದ್ರೆ ಇಬ್ಬರದ್ದೂ ತಪ್ಪು ಅಂತ ಹೇಳಿ."