ಬುಟ್ಟಿಯ ಬಾಗು

ತೆಂಗಿನಗುಂಡಿಯ ತಿಮ್ಮಿಗೆ ಐವತ್ತು ತುಂಬುತ್ತಾ ಬಂದಿತ್ತು. ಅದರಲ್ಲಿ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿಯೇ. ಭಟ್ಕಳ ಪೇಟೆಯ ಯಾವ ಗಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಿಯಾಳು. ಆದರೆ ಆ ಪೇಟೆಯ ಒಂದೇ ಒಂದು ಅಂಗಡಿಯೊಳಗೂ ಅವಳು ನೆಟ್ಟಗೆ ನಿಂತು ಉಸಿರಾಡಿದ್ದಿಲ್ಲ. ಹಿಂದಿನ ವರ್ಷ ಸೀರೆ ಕೊಳ್ಳಲು ಹೋದಾಗ ಅಂಗಡಿಯವನು ಮೀನಿನ ವಾಸನೆಗೆ ಮೂಗು ಮುಚ್ಚಿ, "ಮುಟ್ಬೇಡ, ಅಲ್ಲೇ ನಿಂತು ನೋಡು" ಎಂದು ಸೀರೆಯನ್ನು ದೂರದಿಂದ ಹಿಡಿದು ತೋರಿಸಿದ್ದ. ಅವಳು ಕೊಳ್ಳದೆ ಬಂದಳು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ, ಆದರೆ ಆ ಉರಿ ಇನ್ನೂ ಆರಿರಲಿಲ್ಲ.

ಮರುವರ್ಷ, ಅಂದರೆ ಎರಡು ಸಾವಿರದ ಒಂದರಲ್ಲಿ, ದಸರಾ ಮುಗಿದು ಬಿಸಿಲು ಹೊಸದಾಗಿ ತೊಳೆದಿಟ್ಟಂತೆ ಬಿದ್ದಿದ್ದಾಗ ಸೊಸೆ ಸುಚಿತಾ ಒಂದು ಮಾತು ತೆಗೆದಳು.

"ಅತ್ತೆ, ಎರಡು ದಿನ ಬುಟ್ಟಿ ಮಗುಚಿ ಇಡಿ. ಕುಮ್ಟೆಗೆ ಹೋಗ್ವಾ. ಹೊಳನಗದ್ದೆಲಿ ನಮ್ಮ ಮಾದೇವಿ ಚಿಕ್ಕಿ ಮನೆಲಿ ಉಳ್ಕಂಡು, ಪೇಟೆ ನೋಡ್ಕಂಡು ಬಪ್ಪಾ."

"ಪೇಟೆ ನೋಡುಕೆ ಎಂತ ಇತ್ತೆ, ಮಾರಾಯ್ತಿ? ದಿನಾ ನೋಡೂದೇ ಅಲ್ದಾ?"

"ನೀವು ದಿನಾ ನೋಡೂದು ಗಿರಾಕಿ ಮುಖ. ಪೇಟೆ ಅಲ್ಲ."

ತಿಮ್ಮಿ ಬುಟ್ಟಿಯನ್ನು ಗೋಡೆಯ ಬದಿಗೆ ಮಗುಚಿಟ್ಟಳು. "ಬರ್ತೆ. ಆದ್ರೆ ಅಲ್ಲಿ ಯಾರ ಹತ್ರನೂ ನಾ ಮೀನು ಮಾರುವವಳು ಹೇಳಿ ನೀ ಬಾಯಿ ಬಿಡೂಕಾಗ. ಎರಡೇ ದಿನ, ನಾನೂ ಎಲ್ಲರ ಹಾಂಗೆ ಒಂದು ಹೆಂಗ್ಸು. ಆತಾ?"

"ಆತು ಅತ್ತೆ. ದೇವರಾಣೆ ಹೇಳೂದಿಲ್ಲ."

ಮರುದಿನ ಬೆಳಿಗ್ಗೆ ಭಟ್ಕಳದಲ್ಲಿ ರೈಲು ಹತ್ತಿದರು. ಬಸ್ಸಿನ ಹಿಂದಿನ ಸೀಟು ಮಾತ್ರ ಗೊತ್ತಿದ್ದ ತಿಮ್ಮಿ ಕಿಟಕಿಯ ಪಕ್ಕ ಕುಳಿತು, ಹೊನ್ನಾವರದ ಹತ್ತಿರ ಶರಾವತಿಯ ಸೇತುವೆ ಬಂದಾಗ ಕೈ ಜೋಡಿಸಿಬಿಟ್ಟಳು. ಕೆಳಗೆ ಹೊಳೆ ಕಡಲಿಗೆ ಸೇರುವ ಜಾಗ, ದೋಣಿಗಳು ಅಂಗೈಯಷ್ಟು. "ಅಯ್ಯಬ್ಬಾ, ಹೊಳೆನ ಮೇಲಿಂದ ನೋಡಿದ್ರೆ ಎಷ್ಟು ಚೆಂದ!" ಎಂದಳು. ಕಡಲ ಮಗಳಿಗೆ ಹೊಳೆ ಹೊಸದಾಗಿ ಕಂಡದ್ದು ನೋಡಿ ಸುಚಿತಾ ನಕ್ಕಳು.

ಕುಮಟೆಯಲ್ಲಿ ತಿಮ್ಮಿಯ ಕಣ್ಣಿಗೆ ಎಲ್ಲವೂ ಹಬ್ಬ. ಸಂತೆಯಲ್ಲಿ ಗೊಂಡೆ ಹೂವಿನ ರಾಶಿ, ಹಸಿ ಬಿದಿರಿನ ಮೊರ, ಮಣ್ಣಿನ ಹಣತೆ. ಬಳೆ ಅಂಗಡಿಯವಳು ಕೈ ಹಿಡಿದು ಹಸಿರು ಬಳೆ ತೊಡಿಸಿದಾಗ ತಿಮ್ಮಿ ಉಸಿರು ಬಿಗಿಹಿಡಿದಳು. ಬಳೆಯವಳು ಮೂಗು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. "ಕೈ ಗಟ್ಟಿ ಇತ್ತು ನಿಮ್ದು. ಗದ್ದೆ ಕೆಲ್ಸನಾ?" ಎಂದು ಮಾತ್ರ ಕೇಳಿದಳು. "ಹೌದು, ಗದ್ದೆ" ಎಂದು ಸುಳ್ಳು ಹೇಳಿ ತಿಮ್ಮಿ ರಾಣಿಯ ಗತ್ತಿನಲ್ಲಿ ಹೊರಗೆ ಬಂದಳು. ಮೀನು ಪೇಟೆಯ ಕೂಗು ಕೇಳಿದ್ದೇ ತಡ, ಸೊಸೆಯ ಕೈ ಎಳೆದು ರಸ್ತೆಯ ಆಚೆ ಬದಿಗೆ ದಾಟಿದಳು. ನಾವು ನೀವಾದರೂ ಹಾಗೇ ಮಾಡುತ್ತಿದ್ದೆವು, ಬಿಡಿ.

ಒಂದು ಓಣಿಯಲ್ಲಿ ಯಕ್ಷಗಾನದ ಕಿರೀಟ ಕಟ್ಟುವವರ ಜಗಲಿ ಸಿಕ್ಕಿತು. ಬೆಳಗಿನವರೆಗೂ ಆಟ ನೋಡಿದವಳೇ ತಿಮ್ಮಿ, ಆದರೆ ಅಷ್ಟು ದೊಡ್ಡ ರಾಜನ ಕಿರೀಟ ಹಗುರ ಮರದ ಚೂರುಗಳನ್ನು ಕೂಡಿಸಿ, ಮಿರುಗುವ ಬೇಗಡೆ ಅಂಟಿಸಿ ಆಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೂಗಿನ ಮೇಲೆ ಬೆರಳಿಟ್ಟು ನಿಂತೇಬಿಟ್ಟಳು. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಶಾಂತಾರಾಮ ಗುಡಿಗಾರರ ಮರಕೆತ್ತನೆಯ ಸಾಲೆ.

ಶಾಂತಾರಾಮರು ಅರವತ್ತು ದಾಟಿದ ಮನುಷ್ಯ. ನೆಲದ ಮೇಲೆ ಚಾಪೆ ಹಾಸಿ, ಕಾಲು ಚಾಚಿ ಕುಳಿತು, ಉಳಿಯ ತಲೆಗೆ ಕೊಡತಿಯಿಂದ ಟಕ್ ಟಕ್ ಎಂದು ತಟ್ಟುತ್ತಿದ್ದರು. "ಬನ್ನಿ ಬನ್ನಿ, ನೋಡುಕೆ ದುಡ್ಡಿಲ್ಲ" ಎಂದು ನಗುತ್ತಾ ಕರೆದರು. ಒಳಗೆ ಆನೆಗಳ ಸಾಲು, ಬಳ್ಳಿಯ ಚೌಕಟ್ಟು, ಎಲೆಯ ನರವನ್ನೂ ಎಣಿಸಬಹುದಾದಷ್ಟು ಸೂಕ್ಷ್ಮ. ತಿಮ್ಮಿ ಕೈ ಹಿಂದಕ್ಕೆ ಕಟ್ಟಿಕೊಂಡು ಒಂದೊಂದನ್ನೂ ನೋಡಿದಳು. ಮನುಷ್ಯರ ಕೈಯಲ್ಲಿ ಇಷ್ಟೆಲ್ಲ ಇದೆಯೇ ಎಂದು ಮತ್ತೆ ಮೊದಲ ಆನೆಯ ಹತ್ತಿರವೇ ಬಂದು ನಿಂತಳು.

ಗೋಡೆಗೆ ಒರಗಿಸಿದ ದೊಡ್ಡ ಹಲಗೆಯಲ್ಲಿ ದಶಾವತಾರ. ದೇವಸ್ಥಾನವೊಂದರ ಬಾಗಿಲಿಗೆಂದು ಮಾಡಿದ್ದು. ಕೂರ್ಮ, ವರಾಹ, ನರಸಿಂಹ ಎಲ್ಲ ಜೀವ ತಳೆದಿದ್ದವು. ಮೊದಲನೆಯ ಚೌಕ ಮಾತ್ರ ಖಾಲಿ. ಅಲ್ಲಿ ಕೂರಿಸಬೇಕಾದ ಮತ್ಸ್ಯ ಶಾಂತಾರಾಮರ ತೊಡೆಯ ಮೇಲಿತ್ತು.

"ಇದು ಮೂರನೇದು ತಂಗೀ," ಎಂದರು ಅವರು ಸುಚಿತಾಳಿಗೆ. "ಎರಡು ಒಲೆಗೆ ಹೋತು. ಮೈಮೇಲಿನ ಹುರುಪೆ ಸರಿ ಇತ್ತು, ಕಣ್ಣು ಸರಿ ಇತ್ತು. ಎಂತದೋ ಒಂದು ಇಲ್ಲ. ಮಾರ್ಕೆಟ್ಟಿಂದ ಬಂಗಡೆ ತಂದು ಎದುರಿಗೆ ಇಟ್ಕಂಡೇ ಕೆತ್ತಿದ್ದು. ಇನ್ನು ಇದನ್ನೇ ಕೂರ್ಸೂದು, ನಾಳೆ ಒಯ್ಯುಕೆ ಬರ್ತ್ರು."

ತಿಮ್ಮಿ ಒಂದೇ ನೋಟ ನೋಡಿದಳು. ಅದರಲ್ಲಿ ಇಲ್ಲದ್ದು ಏನೆಂದು ಅವಳಿಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳದೆ ಇರುತ್ತಾರೆಯೇ? ಕೇಳಿದ ಮೇಲೆ? ಈ ಒಳ್ಳೆಯ ಮನುಷ್ಯನೂ ದೂರ ನಿಲ್ಲು ಎಂದರೆ ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಅದೂ ದೇವರ ಕೆಲಸ ನಡೆಯುವ ಜಾಗ.

"ಹೋಗ್ವಾ" ಎಂದು ಸೊಸೆಯ ಸೆರಗು ಎಳೆದಳು. ಹೊಸಿಲವರೆಗೂ ಹೋದಳು. ಅಲ್ಲಿ ಕಾಲು ಮುಂದೆ ಹೋಗಲಿಲ್ಲ. ನಾಳೆ ಅದು ದೇವರ ಬಾಗಿಲು ಏರುತ್ತದೆ. ಹೋದವರು ಬಂದವರೆಲ್ಲ ಅದಕ್ಕೆ ಕೈ ಮುಗಿಯುತ್ತಾರೆ. ಥೂ, ನನ್ನ ಮಾನ ಎಷ್ಟರದ್ದು ಎಂದುಕೊಂಡು ತಿರುಗಿ ಬಂದಳು.

"ಗುಡಿಗಾರ್ರೇ, ತಪ್ಪು ತಿಳ್ಕಂಬೇಡಿ. ಅದು ಸತ್ತ ಮೀನು."

ಕೊಡತಿ ನಿಂತಿತು. ಸುಚಿತಾ ಬಾಯಿ ತೆರೆದು ಅತ್ತೆಯ ಮುಖವನ್ನೇ ನೋಡಿದಳು.

"ಎಂತ ಅಂದ್ರಿ?"

"ಬೆನ್ನು ಬಿಲ್ಲಿನ ಹಾಂಗೆ ಮೇಲೆ ಬಾಗಿದ್ದು ನೋಡಿ. ಜೀವದ ಮೀನು ಹಾಂಗೆ ಬಾಗೂದಿಲ್ಲ. ಅದು ಬುಟ್ಟಿಯ ಬಾಗು. ದುಂಡು ಬುಟ್ಟಿಲಿ ಅಂಚಿಗೆ ಒತ್ತಿ ಇಟ್ಟ ಮೀನು ಹಾಂಗೇ ಸೆಟೆದುಹೋಗ್ತದೆ. ರೆಕ್ಕೆನೂ ಮೈಗೆ ಅಂಟಿತ್ತು ಕಾಣಿ. ನೀವು ಸರಿಯಾಗೇ ಕೆತ್ತಿದ್ರಿ. ಮೀನೇ ಸತ್ತದ್ದು."

"ಮತ್ತೆ ಜೀವದ್ದು?"

ತಿಮ್ಮಿ ಮತ್ತೆ ಹಿಂದಕ್ಕೆ ಕಟ್ಟಿಕೊಂಡಿದ್ದ ಕೈಯನ್ನು ಮುಂದೆ ತಂದಳು. ಹೆಬ್ಬೆರಳು ಮೇಲೆ ಮಾಡಿ ಅಂಗೈಯನ್ನು ಗಾಳಿಯಲ್ಲಿ ನಿಲ್ಲಿಸಿ ಎಡಕ್ಕೆ ಬಲಕ್ಕೆ ಬಳುಕಿಸಿದಳು. "ಹೀಂಗೆ. ಹಾವಿನ ಹಾಂಗೆ ಬದಿಗೆ. ಕೈರಂಪಣಿ ಬಲೆ ದಡಕ್ಕೆ ಎಳೀವಾಗ ಒಳಗೆ ಕಾಣ್ಬೇಕು. ತಲೆ ಈ ಬದಿಗೆ ಬಂದ್ರೆ ಬಾಲ ಆ ಬದಿಗೆ. ರೆಕ್ಕೆ ಬಿಚ್ಚಿ ನಿಂತಿರ್ತದೆ." ಹಸಿರು ಬಳೆ ಗಲಗಲ ಅಂದಿತು. ಕೈ ನಿಜವಾಗಿಯೂ ಈಜುತ್ತಿತ್ತು.

ಶಾಂತಾರಾಮರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೆ ಇದೆಲ್ಲ ಹ್ಯಾಂಗೆ ಗೊತ್ತು, ಅಮ್ಮಾ?"

"ನಾ ಮೀನು ಮಾರೂದು," ಎಂದಳು ತಿಮ್ಮಿ. ಧ್ವನಿ ಸಣ್ಣದಾಗಿತ್ತು. "ಮೂವತ್ತು ವರ್ಷ ಆತು."

ಅವರು ಉಳಿ ಕೆಳಗಿಟ್ಟು ಎದ್ದು ಒಳಗೆ ಹೋದರು. ಆತು, ನನ್ನ ಎರಡು ದಿನ ಇಲ್ಲಿಗೆ ಮುಗಿಯಿತು ಎಂದುಕೊಂಡಳು ತಿಮ್ಮಿ. ಕಣ್ಣಲ್ಲಿ ನೀರು ಬಂತು. ಸುಚಿತಾ ಅವಳ ಭುಜ ಹಿಡಿದಳು.

ಹೊರಗೆ ಬಂದಾಗ ಗುಡಿಗಾರರ ಒಂದು ಕೈಯಲ್ಲಿ ಹೊಸ ಮರದ ತುಂಡು, ಇನ್ನೊಂದರಲ್ಲಿ ಸೀಮೆಸುಣ್ಣ. ತಮ್ಮ ಚಾಪೆಯನ್ನು ಕೊಡವಿ ಅರ್ಧ ಅವಳ ಕಡೆ ಹಾಸಿದರು.

"ಕೂತ್ಕಳ್ಳಿ. ನಲವತ್ತು ವರ್ಷ ಮೀನು ಕೆತ್ತಿದೆ, ಒಬ್ರೂ ಇದನ್ನ ಹೇಳ್ಲಿಲ್ಲ. ನಾ ಕಂಡದ್ದೆಲ್ಲ ಬುಟ್ಟಿ ಮೀನೇ. ನಾ ಗೆರೆ ಎಳೀತೆ, ತಪ್ಪಿದ್ರೆ ಕೈ ಹಿಡ್ದು ತಿದ್ದಿ. ಒಯ್ಯುಕೆ ಬಪ್ಪವರು ಒಂದು ವಾರ ಕಾಯ್ಲಿ."

"ನನ್ನ ಕೈ..." ಎಂದಳು ತಿಮ್ಮಿ.

"ಆ ಕೈಯೇ ಬೇಕಾದ್ದು."

ಕುಮಟೆಯ ಉಳಿದ ಅಂಗಡಿಗಳು ಅಂದು ನೋಡದೇ ಉಳಿದವು. ಸಂಜೆಯವರೆಗೆ ಚಾಪೆಯ ಮೇಲೆ ಒಂದೇ ವಾದ. "ಬಾಲ ಹಾಂಗಲ್ಲ", "ಮತ್ತೆ ಹ್ಯಾಂಗೆ?", "ಅಯ್ಯೋ ದೇವರೇ, ಇನ್ನೂ ಬದಿಗೆ!" ನಡುನಡುವೆ ಚಾ. ಹತ್ತು ಸಲ ಒರೆಸಿದ ಮೇಲೆ ಮರದ ಮೇಲೊಂದು ಮೀನು ಮೈ ಬಳುಕಿಸಿ ಈ ಕಡೆಗೆ ಹೊರಳಿತು. ಶಾಂತಾರಾಮರು ಅದಕ್ಕೆ ಕೈ ಮುಗಿದರು, ಆಮೇಲೆ ತಿಮ್ಮಿಯ ಕಡೆ ತಿರುಗಿಯೂ ಮುಗಿದರು.

ಅಷ್ಟರಲ್ಲಿ ಕಾರಿನಿಂದಿಳಿದ ದಂಪತಿ ಒಳಗೆ ಬಂದರು. ಆನೆಗಳ ಬೆಲೆ ಕೇಳುತ್ತಾ ಆ ಹೆಂಗಸು ಚಾಪೆಯ ಮೇಲೆ ಕುಳಿತ ತಿಮ್ಮಿಯನ್ನು ನೋಡಿ, "ನೀವು ಇವರ ಮನೆಯವರಾ?" ಎಂದು ಮರ್ಯಾದೆಯಿಂದ ಕೇಳಿದಳು. ಸುಚಿತಾ ಕೊಟ್ಟ ಮಾತು ನೆನಪಿಟ್ಟು, ಊರಿಂದ ಪೇಟೆ ನೋಡಲು ಬಂದವರು ಎನ್ನಲು ಬಾಯಿ ತೆರೆದಳು.

"ನೀ ಸುಮ್ನಿರೇ," ಎಂದಳು ತಿಮ್ಮಿ. ಸೆರಗಿನ ಮೇಲಿನ ಸೀಮೆಸುಣ್ಣದ ಪುಡಿ ಝಾಡಿಸಿ, ಮೀನು ಪೇಟೆಯಲ್ಲಿ ಕೂಗುವ ತುಂಬು ಗಂಟಲಲ್ಲಿ ಹೇಳಿದಳು. "ಅಲ್ಲ ಅಮ್ಮಾ. ನಾನು ತೆಂಗಿನಗುಂಡಿ ಮೀನಿನ ತಿಮ್ಮಿ. ಇವ್ರಿಗೆ ಮೀನು ಕಲಿಸುಕೆ ಬಂದದ್ದು."