ನಲವತ್ತೊಂದನೇ ನೇರಳೆ

ಮುಂಗೈ ಮೇಲೆ ಬಿಸಿಲು ಬಿತ್ತು, ಎಂಟೂವರೆಗೇ ಬಿತ್ತು, ಹೋದ ವರ್ಷ ಈ ಹೊತ್ತಿಗೆ ಇಲ್ಲಿ ಬರೀ ನೆರಳು, ಹನ್ನೊಂದಾದರೂ ಅಂಗಳದ ಕಲ್ಲು ತಣ್ಣಗೆ — ಗಂಗಾಮಣಿ ಪ್ಲಾಸ್ಟಿಕ್ ಹಾಳೆಯ ಮೂಲೆಗೆ ಕಲ್ಲಿಟ್ಟು ಅಕ್ಕಿ ಹಪ್ಪಳಗಳನ್ನು ಒಂದೊಂದಾಗಿ ಅಂಗೈಯಿಂದ ಜಾರಿಸುತ್ತ, ಒಳ್ಳೆಯ ಬಿಸಿಲು ಎಂದುಕೊಂಡಳು, ಬಿಸಿಲಿನದೇನು ತಪ್ಪು, ಆದರೂ ಕೈ ಹಿಂದಕ್ಕೆ ಎಳೆದುಕೊಂಡಳು, ಕೇಳದೆ ಯಾರದೋ ಮನೆಯ ಪದಾರ್ಥ ಮುಟ್ಟಿದ ಹಾಗೆ, ಅಷ್ಟರಲ್ಲಿ ರಸ್ತೆಯಲ್ಲಿ ಸೈಕಲ್ ಗಂಟೆ, ಒಂದಲ್ಲ, ನಾಲ್ಕು, ಭಾನುವಾರದ ಮಕ್ಕಳು ಬಂದುಬಿಟ್ಟರು. ಸಕಲೇಶಪುರದ ಬೀದಿ ಬೀದಿಗೆ ಸಸಿ ನೆಟ್ಟು ಆರು ವರ್ಷದಿಂದ ನೀರು ಹೊರುತ್ತಿರುವ ಮಕ್ಕಳು, ಮುಂದೆ ಪ್ರವೀಣ್, ಆಗ ಹೈಸ್ಕೂಲಿನಲ್ಲಿದ್ದವನು ಈಗ ಡಿಗ್ರಿಯ ಕೊನೇ ವರ್ಷ, ಹಿಂದೆ ಅಫ್ಶಾನ್, ಮಗಳು ಪೂಜಿತಾಳ ಬೆಂಚಿನವಳು, ಅಗೋ ಪೂಜಿತಾಳೂ ಬಾಯಿಯ ಪೇಸ್ಟು ಒರೆಸಿಕೊಳ್ಳದೆ ಒಳಗಿನಿಂದ ಓಡಿ ಗೇಟು ದಾಟಿದಳು. ಏನೇ ಪೂಜಿ, ನಿನ್ ಮರಕ್ಕೆ ಕಾಮಾಲೆ ಕಣೇ, ನೆಲನೆಲ್ಲಿ ಅರ್ದು ಕುಡ್ಸು ಅಂದಳು ಅಫ್ಶಾನ್, ಸುಮ್ನಿರೇ ಮಾರಾಯ್ತಿ ಅಂದಳು ಪೂಜಿತಾ, ನಕ್ಕಳು, ನಕ್ಕ ದನಿ ಕೊನೆಯಲ್ಲಿ ಒಡೆಯಿತು, ಆ ಒಡಕು ಬೇರೆ ಯಾರಿಗೂ ಕೇಳುವುದಿಲ್ಲ, ಹೆತ್ತವಳಿಗೆ ಕೇಳುತ್ತದೆ. ಗೇಟಿನ ಎದುರಿನ, ಎಲೆಯೆಲ್ಲ ಹಳದಿಯಾಗಿರುವ ನೇರಳೆ ಪೂಜಿತಾಳ ಮರ, ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ನಲವತ್ತೊಂದು, ಒಬ್ಬೊಬ್ಬರಿಗೂ ಒಂದೊಂದು ಮರ ಹಂಚಿಕೊಟ್ಟಾಗ ಇವಳಿಗೆ ಎಂಟು ವರ್ಷ, ಚೊಂಬು ಎತ್ತಲಾರದೆ ಅರ್ಧ ನೀರು ಲಂಗದ ಮೇಲೇ ಚೆಲ್ಲಿಕೊಂಡಿದ್ದಳು, ಅಮ್ಮಾ ಅದು ಕುಡೀತಾ ಐತೆ ನೋಡು, ನೋಡೇ, ಎಂದು ಕುಣಿದಿದ್ದಳು.

ಕುಡಿಯುವುದು ನಿಂತದ್ದು ನವೆಂಬರಿನಲ್ಲಿ, ಒಂದು ಬುಧವಾರ, ಮಟಮಟ ಮಧ್ಯಾಹ್ನ, ಪೂಜಿತಾ ಶಾಲೆಯಲ್ಲಿ, ಗಂಡ ನಟರಾಜ್ ಜೀಪು ತೆಗೆದುಕೊಂಡು ವನಗೂರಿಗೆ ಹೋಗಿದ್ದ, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ, ಗಂಗಾಮಣಿ ಮರದ ಬೇಲಿಯ ಬಿದಿರು ಸರಿಸಿ ಕೂತಳು, ಬುಡದಲ್ಲಿ ನಾಲ್ಕು ಬೆರಳಗಲ ತೊಗಟೆ ಸುಲಿದಳು, ಸುತ್ತಲೂ, ಒಂದೆಳೆ ಬಿಡದ ಹಾಗೆ — ಒಂದೆಳೆ ಉಳುದ್ರೂ ಬದುಕ್ಬುಡ್ತದೆ ಕಣವ್ವ, ಅಂತ ಅಪ್ಪ ಗಿಡ್ಡಯ್ಯ ಹೇಳುತ್ತಿದ್ದ, ಹಾನುಬಾಳಿನ ಎಸ್ಟೇಟಿನಲ್ಲಿ ಕಾನೂನಿನಂತೆ ಕಡಿಯಬಾರದ ಮರ ಕಾಫಿಗೆ ಅಡ್ಡ ಬಂದರೆ ಲೆಕ್ಕ ಬರೆಯುವ ರೈಟರು ಕೂಲಿಯವರ ಲೈನ್ ಮನೆಗೆ ಬಂದು ಕರೆಯುತ್ತಿದ್ದುದು ಅಪ್ಪನನ್ನೇ, ಅಪ್ಪ ಮರ ಕಡಿಯುತ್ತಿರಲಿಲ್ಲ, ಬುಡದ ತೊಗಟೆ ಬಳೆಯಂತೆ ಬಿಚ್ಚುತ್ತಿದ್ದ ಅಷ್ಟೇ, ಮರ ನಿಂತಲ್ಲೇ ಸಾಯುತ್ತಿತ್ತು, ಒಣಗಿದ ಮರಕ್ಕೆ ಯಾರು ಕೇಳ್ತಾರೆ. ಒಂಬತ್ತು ವರ್ಷದ ಗಂಗಾಮಣಿಯ ಕೆಲಸ ಬಾಂಡ್ಲಿಯಲ್ಲಿ ಹಸಿ ಮಣ್ಣು ತರುವುದು, ಗಾಯ ಕಾಣದ ಹಾಗೆ ಮೆತ್ತುವುದು, ಯಾಕಪ್ಪ ಅಂತ ಒಂದು ದಿನವೂ ಕೇಳಲಿಲ್ಲ, ಎಲೆಗೆ ಸುದ್ದಿ ಮುಟ್ಟಾಕೆ ಮೂರು ತಿಂಗ್ಳು ಬೇಕು ಅಂತ ಅಪ್ಪ ಬೀಡಿ ಹಚ್ಚುತ್ತಿದ್ದ, ಅವಳ ಕೈ ಮಾತ್ರ ಎಲ್ಲವನ್ನೂ ಕಲಿತುಕೊಂಡಿತ್ತು, ಮೂವತ್ತು ವರ್ಷದ ಮೇಲೂ ಮರೆತಿರಲಿಲ್ಲ, ತೊಗಟೆ ಸುಲಿದಾಗ ಒಳಗೆ ಬಿಳಿ, ಒದ್ದೆ ಬಿಳಿ, ಬಿದ್ದ ಮಗುವಿನ ಮೊಣಕಾಲಿನಲ್ಲಿ ರಕ್ತ ಜಿನುಗುವುದಕ್ಕೆ ಮುಂಚೆ ಒಂದು ಗಳಿಗೆ ಕಾಣುತ್ತದಲ್ಲ, ಆ ಬಿಳಿ. ಯಾಕೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಪೂಜಿತಾಳ ಉಬ್ಬಸಕ್ಕೆ ಎನ್ನಬಹುದು, ಮನೆಗೆ ಬಿಸಿಲು ಬೇಕಿತ್ತು ಎನ್ನಬಹುದು, ಎಷ್ಟೋ ಸಲ ಪಾತ್ರೆ ತೊಳೆಯುತ್ತ ಆ ಮಾತನ್ನು ಜೋಡಿಸಿಟ್ಟುಕೊಂಡಿದ್ದಾಳೆ, ಆದರೆ ಅದು ಸುಳ್ಳು, ಹಪ್ಪಳ, ಬರೀ ಹಪ್ಪಳ, ಹೋದ ವರ್ಷ ಮೂರು ಸಲ ಬೂಸಲು ಹಿಡಿದು ಹಾಳಾಯಿತು, ಹಿಂದಿನ ಬೀದಿಯ ಚೆಲುವಮ್ಮ ಎಲ್ಲರೆದುರು ಮೂಸಿ ನೋಡಿ, ಗಂಗೂ, ಇದ್ನ ಕರಿಯಾದಾ ಹೂಳಾದಾ ಅಂದಳು, ಹೆಂಗಸರೆಲ್ಲ ಕಿಸಕ್ಕನೆ ನಕ್ಕರು, ಆ ನಗು ತಡೆಯಲಾಗಲಿಲ್ಲ. ಪ್ರವೀಣನಿಗೆ ಹೇಳಿದ್ದರೆ ಎರಡು ಕೊಂಬೆ ಸವರಿಕೊಡುತ್ತಿದ್ದ, ಅದಕ್ಕೇನಂತೆ ಆಂಟಿ ಅನ್ನುತ್ತಿದ್ದ, ಒಂದು ಮಾತು, ಅಷ್ಟೇ, ಮಕ್ಕಳ ಹತ್ತಿರ ಹೋಗಿ ಕೇಳುವುದೇ ಎಂದು ನಾಚಿಕೆಪಟ್ಟಳು, ಆ ಸಣ್ಣ ನಾಚಿಕೆ ಬೇಡವೆಂದು ಈ ದೊಡ್ಡದನ್ನು ಹೊತ್ತುಕೊಂಡಳು.

ಮರವಾದರೆ ಹೋಗಲಿ ಎನ್ನಬಹುದಿತ್ತೇನೋ, ಹೋದ ಭಾನುವಾರದ್ದು ಹೋಗಲಿ ಎನ್ನುವಂಥದ್ದಲ್ಲ — ಹತ್ತು ಹನ್ನೆರಡು ಮಕ್ಕಳು ಇದೇ ಗೇಟಿನ ಮುಂದೆ ನಿಂತಿದ್ದರು, ಉದುರಿದ ಎಲೆ ಕಾಲಡಿ ಚರಗುಟ್ಟುತ್ತಿತ್ತು, ಪೂಜಿತಾ ಫ್ರಾಕಿನ ಅಂಚು ಹಿಂಡುತ್ತ, ನಾನು ಯೂರಿಯಾ ಹಾಕ್ದೆ, ಬೇಗ ಬೆಳೀಲಿ ಅಂತ, ಒಂದು ಹಿಡಿ ಜಾಸ್ತಿ ಆಯ್ತೇನೋ, ನಂದೇ ತಪ್ಪು, ಸಾರಿ, ಎಲ್ಲರಿಗೂ ಸಾರಿ, ಎಂದಳು, ಪ್ರವೀಣ್ ಬೈಯಲಿಲ್ಲ, ಬೇರು ಸುಟ್ಟಿರ್ಬೇಕು, ಹೋಗ್ಲಿ ಬುಡಮ್ಮ ಅಂದ, ಯಾರೋ ಹಿಂದಿನಿಂದ ಕೊಲೆಗಾರ್ತಿ ಎಂದು ಕಿಚಾಯಿಸಿದರು, ಮಕ್ಕಳೆಲ್ಲ ನಕ್ಕವು. ಆಗ ಗಂಗಾಮಣಿ ಎಲ್ಲಿದ್ದಳು, ಇಲ್ಲೇ, ಈ ಹಾಳೆಯ ಪಕ್ಕದಲ್ಲೇ, ಮಕ್ಕಳಿಗೆ ಪಾನಕ ಹಂಚುತ್ತಿದ್ದಳು, ಮಗಳ ಕೈಗೂ ಒಂದು ಲೋಟ ಕೊಟ್ಟಳು, ಕುಡಿ ಚಿನ್ನ ಅಂದಳು, ಆ ಬಾಯಿಯಿಂದಲೇ. ವಾರವಿಡೀ ಮಗಳ ತಲೆ ಬಾಚುವಾಗ ಹೇಳಬೇಕೆಂದುಕೊಂಡಳು, ಸಿಕ್ಕು ಬಿಡಿಸಿದಳು, ಜಡೆ ಹೆಣೆದಳು, ರಿಬ್ಬನ್ ಕಟ್ಟಿದಳು, ಹೇಳಲಿಲ್ಲ.

ಬುಡ ಅಗ್ದು ಯೂರಿಯಾ ಮಣ್ಣೆಲ್ಲ ತೆಗ್ದುಬುಡಾನ, ಹೊಸ ಮಣ್ಣು ಕೊಟ್ರೆ ಚಿಗುರಿದ್ರೂ ಚಿಗುರ್ತು ಎನ್ನುತ್ತಿದ್ದಾನೆ ಪ್ರವೀಣ್, ಅಯ್ಯೋ ಬೇಡ ಎಂದು ಕೂಗಬೇಕು, ಪಿಕಾಸಿಯ ಸದ್ದು ಒಂದು, ಎರಡು, ಹೋಗು, ಈಗಲೇ ಹೋಗು, ಅವರು ನೋಡುವುದಕ್ಕೆ ಮುಂಚೆ ಹೋಗಿ ಹೇಳಿಬಿಡು, ಹತ್ತು ಹೆಜ್ಜೆ, ಏಳುತ್ತಾಳೆ, ಹಪ್ಪಳದ ಹಿಟ್ಟು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ಮತ್ತೆ ಒರೆಸಿಕೊಳ್ಳುತ್ತಾಳೆ, ಅಂದು ಅವಳೇ ಬುಡಕ್ಕೆ ಮೆತ್ತಿದ್ದ ಮಣ್ಣು ಹೆಂಟೆಯಾಗಿ ಬಿತ್ತು. ಇದೇನ್ರೋ ಇದು, ಅಂದ ಪ್ರವೀಣ್, ಮೆಲ್ಲಗೆ, ಬೆರಳಿನಿಂದ ಸುತ್ತಲೂ ಸವರಿ, ಇದು ಯೂರಿಯಾ ಅಲ್ಲ ಕಣ್ರೋ, ಯಾರೋ ಸುಲಿದವ್ರೆ, ಎಸ್ಟೇಟ್ ಕೆಲ್ಸ ಗೊತ್ತಿರೋರು. ಅಫ್ಶಾನ್ ಬಾಯಿ ಮುಚ್ಚಿಕೊಂಡಳು, ಆಮೇಲೆ ಪೂಜಿತಾಳ ಭುಜ ಹಿಡಿದು ಕುಲುಕಿ, ನಿಂದಲ್ಲ ಕಣೇ, ನೀನಲ್ಲ ಕಣೇ ಎಂದಳು, ಪೂಜಿತಾ ಹಿಗ್ಗಲಿಲ್ಲ, ಎದ್ದು ಗೇಟಿನ ಕಡೆ ತಿರುಗಿದಳು, ಗಂಗಾಮಣಿ ಮುಖ ಬೇರೆ ಕಡೆ ತಿರುಗಿಸಿಕೊಳ್ಳಬೇಕಿತ್ತು, ಆಗಲಿಲ್ಲ, ಮುಖದಲ್ಲಿ ಏನಿತ್ತೋ ಮಗಳು ಓದಿಕೊಂಡಳು, ಹದಿನಾಲ್ಕು ವರ್ಷ ಓದಿದ ಮುಖ. ಅವಳ ಹಿಂದೆ ಮರದ ಬುಡದಲ್ಲಿ ಆ ಸುತ್ತು, ಮೂರು ತಿಂಗಳಿಗೆ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿದೆ, ಗಂಗಾಮಣಿಗೆ ಕಾಣುವುದು ಬಿಳಿಯೇ, ಒದ್ದೆಯೇ, ರಕ್ತ ಇನ್ನೂ ಜಿನುಗದ ಆ ಬಿಳಿ, ಆ ಬಿಳಿ — ಮಗಳು ಗೇಟಿನ ಸರಳು ಹಿಡಿದು ನಿಂತಿದ್ದಾಳೆ, ಯಾರು ಸುಲಿದದ್ದು ಎಂದು ಕೇಳುತ್ತಿಲ್ಲ.

ಅಮ್ಮಾ, ಹೋದ್ವಾರ ನಾನು ಎಲ್ಲರ ಮುಂದೆ ಸಾರಿ ಕೇಳ್ವಾಗ, ನಿಂಗೆ ಗೊತ್ತಿತ್ತಾ?