ಮಾಳಿಗೆ ಮನೆ

ಹುಲಿಗೆವ್ವನ ಮನೆಯಲ್ಲಿ ಬಾಣಂತಿಯನ್ನು ಮಲಗಿಸಲು ಒಂದು ಒಣ ಮೂಲೆ ಇರಲಿಲ್ಲ. ಆ ಮೂಲೆಯನ್ನು ಮಾಡಿಕೊಡಲು ಬಂದ ಬಂಡಿಯನ್ನು ಅವಳೇ ಈಗ ಬಾಗಿಲಿಗೆ ಅಡ್ಡ ನಿಂತು ತಡೆದಿದ್ದಳು.

ಬಂಡಿಯ ತುಂಬ ಹಾಳಮಣ್ಣು ಇತ್ತು. ಊರ ಹೊರಗಿನ ಹಳೆಯ ಕೋಟೆಗೋಡೆ ಕರಗಿ ದಿಬ್ಬವಾದ ಜಾಗದಿಂದ ಅಗೆದು ತಂದ ಮಣ್ಣು. ಮಾಳಿಗೆಯ ಮೇಲೆ ಹರವಿ, ನೀರು ಚಿಮುಕಿಸಿ, ಗಟ್ಟಿಯಾಗಿ ತುಳಿದರೆ ಒಂದು ಮಳೆಗಾಲ ಹನಿ ಕೆಳಗೆ ಇಳಿಯುವುದಿಲ್ಲ. ಬಂಡಿಯ ಹಿಂದೆ ಯಂಕಪ್ಪ ಸಲಿಕೆಯನ್ನು ಹೆಗಲಿಗಿಟ್ಟು ನಿಂತಿದ್ದ. ಅವನ ಹಿಂದೆ ಕೇರಿಯ ಇನ್ನೂ ಕೆಲವರು ತಲೆಗೆ ವಸ್ತ್ರ ಸುತ್ತಿಕೊಂಡು ಬಂದಿದ್ದರು.

"ಯಕ್ಕಾ, ಅತ್ತಾಗ ಸರಿ. ಬಿಸಲ ಏರಾಕತ್ತೈತಿ," ಅಂದ ಯಂಕಪ್ಪ.

"ಇಳಿಸಬ್ಯಾಡ ಅಂದೆನಲ್ಲೊ. ಸಾಹೇಬ್ರು ಬಂದು ನೋಡೂತನಕ ಮಾಳಿಗಿಗೆ ಕೈ ಹಚ್ಚಬಾರದಂತ."

"ಸೋರೂ ಮಾಳಿಗಿ ನೋಡಾಕ ಬ್ಯಾಸಗಿಯಾಗ ಬರ್ತಾರನು? ಮಳ್ಯಾಗ ಕರಿ. ಹನಿ ನೆತ್ತಿ ಮ್ಯಾಲ ಬಿದ್ದರ ಬರಕೊಳ್ಳಾಕ ಸಸಾರ ಆಕ್ಕೈತಿ."

ಹಿಂದಿದ್ದವರು ನಕ್ಕರು. ಹುಲಿಗೆವ್ವ ನಗಲಿಲ್ಲ. ಹಾಗಾದರೆ ಮಣ್ಣನ್ನು ಬಾಗಿಲ ಮುಂದೆ ಸುರುವಿ ಹೋಗುತ್ತೇವೆ, ಸಾಹೇಬರು ನೋಡಿಹೋದ ಮೇಲೆ ಹಾಕಿದರಾಯಿತು ಎಂದು ಒಬ್ಬ ಅಂದ. ಅದೂ ಆಗದು ಎಂದಳು. ಬಾಗಿಲ ಮುಂದೆ ಮಣ್ಣಿನ ಗುಂಪಿ ಕಂಡರೆ ಇವಳಿಗೆ ಸ್ವಂತಕ್ಕೆ ಬಂಡಿ ಹೊಡೆಸುವ ಶಕ್ತಿ ಇದೆ ಎಂದು ಬರೆದುಕೊಳ್ಳುತ್ತಾರಂತೆ. ಹಾಗೆಂದು ಅವಳ ತಂಗಿಯ ಮಗ ಪರಮಾನಂದ ಹೇಳಿಹೋಗಿದ್ದ. ಹೇಳುವಾಗಲೇ ಅವಳಿಗೆ ಇದು ಎಂಥ ಮಾತು ಅನಿಸಿತು, ಆದರೂ ಹೇಳಿದಳು.

ಬಂಡಿ ಹೊಡೆಯುತ್ತಿದ್ದವನು ಪರಪ್ಪಗೌಡರ ಆಳುಮಗ ಸಿದ್ರಾಮ. ಮುಂದಿನ ವಾರ ತರಲಾದೀತೆ ಎಂದು ಅವನನ್ನು ಕೇಳಿದಳು.

"ಬಂಡಿ ಗೌಡ್ರದು, ಎತ್ತು ಗೌಡ್ರವು. ಮುಂದಿನ ವಾರ ಸೈತ ಗೌಡ್ರದ, ಯವ್ವಾ," ಎಂದು ಅವನು ಬಂಡಿ ತಿರುಗಿಸಿದ.

ಹುಲಿಗೆವ್ವ ಸೂಲಗಿತ್ತಿ. ಆ ಊರಿನಲ್ಲಿ ಮೀಸೆ ಮೂಡಿದ ಹುಡುಗರಲ್ಲಿ ಹೆಚ್ಚಿನವರು ಅವಳ ಕೈಗೆ ಬಿದ್ದವರೇ. ಪರಪ್ಪನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದ್ದರು. ಆ ಮನೆಯಲ್ಲಿ ಹೆರಿಗೆಯ ಕೋಣೆಯ ತನಕ ಅವಳಿಗೆ ದಾರಿ ಇತ್ತು, ಅಡುಗೆಮನೆಯ ತನಕ ಇರಲಿಲ್ಲ. ಹೊಲ ಇಲ್ಲದವಳು ಕೆಲಸಕ್ಕೆ ಬದಲು ಕೆಲಸ ಮಾಡುವ ಮುಯ್ಯಾಳಾಗಿ ಯಾರ ಹೊಲಕ್ಕೂ ಹೋಗುವಂತಿರಲಿಲ್ಲ. ಅವಳು ಹಾಕುವ ಮುಯ್ಯಿ ಎಂದರೆ ಹೆರಿಗೆ. ಅದಕ್ಕೆ ಬದಲಾಗಿ ಪ್ರತಿ ಬೇಸಿಗೆಯಲ್ಲಿ ಪರಪ್ಪನ ಬಂಡಿ ಮಣ್ಣು ತರುತ್ತಿತ್ತು, ಕೇರಿಯ ಗಂಡಸರು ಮಾಳಿಗೆ ಹತ್ತಿ ತುಳಿಯುತ್ತಿದ್ದರು. ಅವಳು ಎಲ್ಲರಿಗೂ ಖಾರಬ್ಯಾಳಿ, ರೊಟ್ಟಿ ಮಾಡಿ ಹಾಕುತ್ತಿದ್ದಳು.

ಇದು ಪರಮಾನಂದನಿಗೆ ಹಿಡಿಸುತ್ತಿರಲಿಲ್ಲ. ಅವನು ಮ್ಯಾಟ್ರಿಕ್ ಪಾಸಾಗಿ ತಾಲೂಕಿನ ಕಚೇರಿಯಲ್ಲಿ ಸಿಪಾಯಿ ಆಗಿದ್ದ. ಕೇರಿಯ ಮನೆಗಳ ದುರಸ್ತಿಗೆ ಸರಕಾರದ ಸಹಾಯ ಬಂದಿದೆ ಎಂಬ ಸುದ್ದಿಯನ್ನು ಅವನೇ ತಂದಿದ್ದ. ಗೆದ್ದಲು ಹಿಡಿದ ಜಂತಿ ತೆಗೆದು ಹೊಸ ಜಂತಿ ಹಾಕುತ್ತಾರೆ, ಮೇಲೆ ಸುಣ್ಣದ ಗಚ್ಚು ಬಡಿಯುತ್ತಾರೆ, ಆಮೇಲೆ ಮಣ್ಣಿನ ಗೊಡವೆಯೇ ಇಲ್ಲ ಎಂದಿದ್ದ.

"ವರ್ಷಾ ವರ್ಷಾ ಆ ಪರಪ್ಪನ ಮಣ್ಣಿಗೆ ಬಾಯಿ ತಕ್ಕೊಂಡ ಕೂಡ್ತಿ, ದೊಡ್ಡವ್ವಾ. ಅದು ಉಪಕಾರ. ಇದು ಉಪಕಾರ ಅಲ್ಲ, ನಮಗ ಬರಬೇಕಾದದ್ದು."

ಅವನ ಮಾತಿನಲ್ಲಿ ತಪ್ಪು ಹುಡುಕಲು ಹುಲಿಗೆವ್ವನಿಗೆ ಆಗಲಿಲ್ಲ. ಹಿಂದಿನ ಕೋಣೆಯ ಜಂತಿಗಳನ್ನು ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಮಗಳು ಶೆಟ್ಟೆವ್ವ ಚೊಚ್ಚಲ ಹೆರಿಗೆಗೆ ಗೊಳಸಂಗಿಯಿಂದ ಬರುವವಳಿದ್ದಳು, ಮುಂಗಾರಿನ ಮಿರಗದ ಮಳೆಯ ಹೊತ್ತಿಗೇ ದಿನ ತುಂಬುತ್ತಿತ್ತು. ಅವನು ತಂದ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು.

ಎಡವಟ್ಟು ಆದದ್ದು ಅಲ್ಲಿಂದ ಮುಂದೆ. 'ನನ್ನ ಮಾಳಿಗೆ ಮನೆಯು ಸೋರುತ್ತಿದ್ದು' ಎಂದು ಪರಮಾನಂದ ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ಕಚೇರಿಗೆ ಹೊಸದಾಗಿ ಬಂದ ಸಾಹೇಬರು ಮೈಸೂರು ಕಡೆಯವರು. ಅವರ ಕಡೆ ಮಾಳಿಗೆ ಎಂದರೆ ಮಹಡಿ. ಮೆಟ್ಟಿಲು ಹತ್ತಿ ಮೇಲೆ ಹೋಗಿ ಮಲಗುವ ಮನೆಯುಳ್ಳವಳಿಗೆ ಬಡವರ ಸಹಾಯ ಯಾಕೆ ಎಂದು ಅರ್ಜಿಯನ್ನು ಪಕ್ಕಕ್ಕೆ ಎಸೆದರು. ಪರಮಾನಂದ ಕೈಕಟ್ಟಿ ನಿಂತು, ನಮ್ಮ ಕಡೆ ಮಾಳಿಗೆ ಅಂದರೆ ಮಣ್ಣಿನ ಛಾವಣಿ, ನಾಯಿ ಜಿಗಿದು ಹತ್ತುವಷ್ಟು ಕುಳ್ಳಗಿನ ಮನೆಗೂ ಮಾಳಿಗೆಯೇ ಇರುತ್ತದೆ ಎಂದು ವಿವರಿಸಿದ. ಸಿಪಾಯಿಯೊಬ್ಬ ತಮಗೆ ಕನ್ನಡ ಕಲಿಸುವುದು ಸಾಹೇಬರಿಗೆ ಸೇರಲಿಲ್ಲ. ಹೆಡ್‌ಕ್ಲಾರ್ಕ್ ಅಲ್ಲಿಯವನೇ, ಅವನೂ ಮಾಳಿಗೆಯ ಕೆಳಗೇ ಹುಟ್ಟಿ ಬೆಳೆದವನು. ಅವನು ಕನ್ನಡಕ ಒರೆಸುತ್ತ ಕುಳಿತ. ಕೊನೆಗೆ ಸಾಹೇಬರು, ಓವರ್‌ಸಿಯರ್ ಹೋಗಿ ಕಣ್ಣಾರೆ ನೋಡಿ ಬರಲಿ, ಅಲ್ಲಿಯವರೆಗೆ ಮನೆ ಹೇಗಿದೆಯೋ ಹಾಗೇ ಇರಬೇಕು ಎಂದು ಅಪ್ಪಣೆ ಮಾಡಿದರು.

"ಮಾಳಿಗಿಗೆ ಮಾಳಿಗಿ ಅನ್ನದ ಏನಂತ ಬರೀಬೇಕಿತ್ತೊ?" ಎಂದು ಹುಲಿಗೆವ್ವ ಕೇಳಿದ್ದಳು.

"ಛಾವಣಿ ಅಂತ ಬರೀಬೇಕಿತ್ತು."

"ಛಾವಣಿ ಅಂದ್ರ ದಂಡು ಇಳಿಯೂ ಜಾಗಾ. ನನ್ನ ಮನಿಯಾಗ ಯಾವ ದಂಡು ಇಳಿದೈತಿ?"



ಬಂಡಿ ತಿರುಗಿ ಹೋದ ಮೇಲೆ ಓವರ್‌ಸಿಯರ್ ಆ ವಾರ ಬರಲಿಲ್ಲ, ಮರುವಾರವೂ ಬರಲಿಲ್ಲ. ಜೀಪಿನ ಗಾಲಿ ಹೋಗಿದೆ ಎಂದರು. ಗಾಲಿ ಬಂದ ಮೇಲೆ ಓವರ್‌ಸಿಯರ್ ರಜೆಯ ಮೇಲೆ ಹೋಗಿದ್ದಾರೆ ಎಂದರು. ಅಷ್ಟರಲ್ಲಿ ಶೆಟ್ಟೆವ್ವ ಹೊಟ್ಟೆ ಹೊತ್ತುಕೊಂಡು ಬಂದಳು. ಅವಳ ಹಿಂದೆಯೇ ರೋಹಿಣಿ ಮಳೆ ಬಂತು. ದೊಡ್ಡ ಮಳೆಯಲ್ಲ, ಧೂಳು ಅಡಗಿಸುವಷ್ಟು. ಅಷ್ಟಕ್ಕೇ ಹಿಂದಿನ ಕೋಣೆಯಲ್ಲಿ ಕೆಸರು ನೀರು ಗೋಡೆಗುಂಟ ಇಳಿಯಿತು. ತಾಯಿ ಮಗಳು ಮಲಗುವ ಹಗ್ಗದ ಹೊರಸನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಎಳೆದಾಡಿದರು. ಎಲ್ಲಿ ಎಳೆದರೂ ಹನಿ ಬೆನ್ನು ಹತ್ತಿತು.

ಮರುದಿನ ಬಸ್ಸು ಹತ್ತಿ ಹುಲಿಗೆವ್ವ ತಾನೇ ಕಚೇರಿಗೆ ಹೋದಳು. ಸಾಹೇಬರು ಮೀಟಿಂಗಿನಲ್ಲಿದ್ದರು. ಹೆಡ್‌ಕ್ಲಾರ್ಕ್ ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಎಲ್ಲದಕ್ಕೂ ಒಂದು ಪದ್ಧತಿ ಇರುತ್ತದೆ, ತಡೆದುಕೊಳ್ಳಬೇಕು ಎಂದು ಬುದ್ಧಿ ಹೇಳಿದ.

"ಯಪಾ, ಬ್ಯಾನಿ ತಿನ್ನೂ ಹೆಣ್ಣಮಗಳಿಗೆ ನಾ ತಡಿ ಅಂದ್ರ ಕೂಸು ತಡೀತೈತೇನು?" ಅಂದಳು ಹುಲಿಗೆವ್ವ. "ಮಳಿನೂ ಹಂಗ. ಅದಕ್ಕ ನಿಮ್ಮ ಪದ್ಧತಿ ಯಾರ ಹೇಳಾವ್ರು?"

ಅವನಿಗೆ ಮಾತು ಇಷ್ಟವಾಯಿತು. ಒಳಗೆ ಹೋಗಿ ಇನ್ನಿಬ್ಬರಿಗೆ ಹೇಳಿ ನಗಿಸಿದ. ಕೆಲಸ ಮಾತ್ರ ಆಗಲಿಲ್ಲ.

ಊರಿಗೆ ಇಳಿದವಳೇ ಅವಳು ನೇರ ಪರಪ್ಪನ ಮನೆಗೆ ಹೋದಳು. ಪರಪ್ಪ ಕಟ್ಟೆಯ ಮೇಲೆ ಕೂತು ಕೂರಿಗೆಗೆ ಹಗ್ಗ ಬಿಗಿಯುತ್ತಿದ್ದ. ಹುಲಿಗೆವ್ವ ಅಂಗಳದ ಅಂಚಿನಲ್ಲಿ ನಿಂತು ಒಂದು ಬಂಡಿ ಮಣ್ಣು ಕೇಳಿದಳು. ಅವನು ತಲೆ ಎತ್ತಲಿಲ್ಲ.

"ಬಂದ ಬಂಡಿ ತಿರಗಸಿ ಕಳಸ್ದಿ. ಈಗ ಎತ್ತು ಕೂರಿಗಿಗೆ ಹೂಡಾವ ಅದೇನಿ. ನಿನ್ನ ಮಾಳಿಗಿ ಸಲುವಾಗಿ ಮಿರಗ ನಿಲ್ಲತೈತೇನು?"

"ತಪ್ಪಾತ್ರಿ ಗೌಡ್ರ. ಅವತ್ತು ತಂದಿದ್ದ ಮಣ್ಣರ ಕೊಡ್ರಿ, ನಾನ ಹೊತಗೊಂಡ ಹೊಕ್ಕೀನಿ."

"ಅದನ್ನ ದನದ ಕೊಟ್ಟಿಗಿಗೆ ಹಾಕಿಸೇನಿ. ಈ ಸಲ ಒಂದ ಹನಿ ಸೋರಿಲ್ಲ ನೋಡು." ಆಮೇಲೆ ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದು, "ಸರಕಾರ ಐತೆಲ್ಲ ನಿನಗ," ಎಂದ.

ಯಂಕಪ್ಪನ ಮನೆಗೆ ಬೀಗ ಇತ್ತು. ಕೇರಿಯ ಗಂಡಸರೆಲ್ಲ ಬಿತ್ತಿಗೆಯ ಕೂಲಿಗೆ ಹೋಗಿದ್ದರು. ಬಿತ್ತಿಗೆಯ ಕೂಲಿಯನ್ನು ಯಾರೂ ಬಿಡುವುದಿಲ್ಲ, ಬಿಡು ಎಂದು ಕೇಳುವಂಥದ್ದೂ ಅಲ್ಲ.

ಆ ವಾರವೇ ಗೊಳಸಂಗಿಯಿಂದ ಬೀಗತಿ ಬಂದಳು. ಸೊಸೆಯನ್ನು ನೋಡಿಹೋಗಲು ಬಂದವಳು ಹಿಂದಿನ ಕೋಣೆಗೆ ಹೋಗಿ, ಮೇಲೆ ನೋಡಿ, ಕೆಳಗಿಟ್ಟ ಗಡಿಗೆ ಕೊಡಗಳನ್ನು ನೋಡಿ, ನೀರನ್ನೂ ಕುಡಿಯದೆ ಸೊಸೆಯ ಗಂಟು ಕಟ್ಟಿಸಿದಳು.

"ಊರ ಬಾಣಂತನ ಮಾಡಾಕಿ ನೀ. ಹಡದ ಮಗಳಿಗೆ ಒಂದ ಹೊರಸಿನ ಜಾಗಾ ಇಲ್ಲ ನಿನ್ನ ಮನ್ಯಾಗ," ಅಂದಳು. ಬಸ್ಸು ಹತ್ತುವಾಗ ಮಾತ್ರ ಸ್ವಲ್ಪ ಮೆತ್ತಗಾಗಿ, ನಾಲ್ಕು ದಿನದಲ್ಲಿ ಮಾಳಿಗೆ ನೆಟ್ಟಗಾದರೆ ಹೇಳಿಕಳಿಸು, ತಿರುಗಿ ತಂದುಬಿಡುತ್ತೇನೆ ಎಂದಳು. ಶೆಟ್ಟೆವ್ವ ಕಿಟಕಿಯಿಂದ ತಾಯಿಯ ಕಡೆ ನೋಡಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಹುಲಿಗೆವ್ವ ಬುಟ್ಟಿ ಹಿಡಿದು ಹಾಳುಕೋಟೆಯ ದಿಬ್ಬಕ್ಕೆ ಹೋದಳು. ತಾನೇ ಅಗೆದಳು, ತಾನೇ ಹೊತ್ತಳು, ಏಣಿ ಹತ್ತಿ ತಾನೇ ಸುರುವಿದಳು. ಸೊಂಟ ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಕೋಣೆಯ ಮೇಲೆ ಒಂದು ಕೌದಿ ಹಾಸುವಷ್ಟು ಜಾಗಕ್ಕೆ ಮಣ್ಣು ಬಿದ್ದಿತ್ತು. ಅವಳು ಅದರ ಮೇಲೆ ನಿಂತು, ಸೀರೆಯ ಕಚ್ಚೆ ಹಾಕಿಕೊಂಡು ತುಳಿಯುತ್ತಿರುವಾಗ ಪರಮಾನಂದ ಬಸ್ಸಿನಿಂದ ಇಳಿದು ಓಡುತ್ತ ಬಂದ.

"ದೊಡ್ಡವ್ವಾ, ಇಳಿ, ಇಳಿ. ನಾಳಿಗೆ ಓವರ್‌ಸಿಯರ್ ಸಾಹೇಬ್ರು ಬರಾಕತ್ತಾರ. ಖರೇನ ಬರ್ತಾರ, ಜೀಪಿಗೆ ಎಣ್ಣಿ ಹಾಕಿಸೇ ಬಂದೇನಿ."

"ಬರಲಿ. ನಾ ಬ್ಯಾಡ ಅಂದೇನೇನು?"

"ಹೊಸಾ ಮಣ್ಣ ನೋಡಿದ್ರ ರಿಪೇರಿ ಆಗೇತಿ ಅಂತ ಬರೀತಾರ. ಇಷ್ಟ ದಿನ ತಡದಿ, ಇನ್ನೊಂದ ದಿನ ತಡಿ."

ಹುಲಿಗೆವ್ವ ಮೇಲಿನಿಂದಲೇ ಅವನನ್ನು ನೋಡಿದಳು. "ಪರಮ್ಯಾ, ನಿನ್ನ ಹಡಿಯೂ ಮುಂದ ನಿಮ್ಮವ್ವ ಸಾಯೂ ಹಂಗ ಆಗಿದ್ಲು. ಅವತ್ತ ನಾ ಯಾರು ಬರೂತನಕನೂ ತಡೀಲಿಲ್ಲ. ತಡದಿದ್ರ ನೀ ಇಲ್ಲಿ ನಿಂತು ನನಗ ಇಳಿ ಅಂತಿರಲಿಲ್ಲ."

ಹಾಗೆ ಅಂದರೂ ಇಳಿದಳು. ಬಂಡಿ ತಿರುಗಿಸಿದ್ದು, ಗೌಡನ ಮಾತು ಕೇಳಿದ್ದು, ಮಗಳನ್ನು ಕಳಿಸಿದ್ದು ಎಲ್ಲ ಒಂದು ದಿನದ ಸಲುವಾಗಿ ದಂಡವಾಗುತ್ತದಲ್ಲ ಎಂಬುದು ಒಂದು. ಗೆದ್ದಲು ತಿಂದ ಜಂತಿಗೆ ಮಣ್ಣು ಮದ್ದಲ್ಲ ಎಂಬುದು ಇನ್ನೊಂದು. ಪರಮಾನಂದ ಅಂಗಿ ಕಳಚಿಟ್ಟು ಏಣಿ ಹತ್ತಿದ. ಅವಳು ಬೆಳಗಿನಿಂದ ಹಾಕಿ ತುಳಿದ ಮಣ್ಣನ್ನು ಸಲಿಕೆಯಿಂದ ಕೆರೆದು ಕೆರೆದು ಕೆಳಗೆ ಚೆಲ್ಲಿದ. ಮುಗಿಯುವ ಹೊತ್ತಿಗೆ ಮಾಳಿಗೆ ಮೊದಲಿಗಿಂತಲೂ ತೆಳ್ಳಗಾಗಿತ್ತು. ಹುಲಿಗೆವ್ವ ಬಾಗಿಲಲ್ಲಿ ಕೂತು, ಉದುರುವ ಮಣ್ಣನ್ನು ನೋಡುತ್ತಿದ್ದಳು.

ಆ ರಾತ್ರಿ ಮಿರಗ ಹಿಡಿಯಿತು. ತನ್ನ ಮನೆ ಸೋರುತ್ತದೆಂದು ಅವಳು ಯಂಕಪ್ಪನ ಮನೆಯ ಹೊರಗಿನ ಪಡಸಾಲೆಯಲ್ಲಿ ಮಲಗಿದ್ದಳು, ಅದರಿಂದ ಉಳಿದಳು. ಬೆಳಗ್ಗೆ ಹೋಗಿ ನೋಡಿದರೆ ಹಿಂದಿನ ಕೋಣೆ ಇರಲಿಲ್ಲ. ಜಂತಿ, ಮಣ್ಣು, ಗೋಡೆಯ ಅರ್ಧ ಎಲ್ಲ ಒಂದೇ ರಾಶಿಯಾಗಿ ಬಿದ್ದಿದ್ದವು.

ಓವರ್‌ಸಿಯರ್ ಹೇಳಿದ ಮಾತಿನಂತೆ ಬಂದ. ಜೀಪು ಕೇರಿಯ ಮುಂದಿನ ಎರೆಮಣ್ಣಿನ ಕೆಸರಿನಲ್ಲಿ ಸಿಕ್ಕಿಬಿದ್ದದ್ದರಿಂದ ಪ್ಯಾಂಟು ಮಡಚಿ, ಬೂಟನ್ನು ಕೈಯಲ್ಲಿ ಹಿಡಿದು ನಡೆದು ಬಂದಿದ್ದ. ಅವನೂ ಮೈಸೂರು ಕಡೆಯ ಹುಡುಗ, ಕೆಟ್ಟವನಲ್ಲ, ಬೇಸತ್ತಿದ್ದ. ರಾಶಿಯ ಮೇಲೆ ಹತ್ತಿ ನಿಂತು ಸುತ್ತ ನೋಡಿದ.

"ಮಾಳಿಗೆ ಎಲ್ಲಮ್ಮ?"

"ಅದರ ಮ್ಯಾಲ ನಿಂತೀರ್ರಿ," ಅಂದಳು ಹುಲಿಗೆವ್ವ.

ಅವನು ಕಾಲ ಕೆಳಗೆ ನೋಡಿಕೊಂಡು ಪಕ್ಕಕ್ಕೆ ಸರಿದ. ಇದು ದುರಸ್ತಿಯ ಸಹಾಯ, ಇಲ್ಲಿ ದುರಸ್ತಿ ಮಾಡಲು ಏನೂ ಉಳಿದಿಲ್ಲ, ಬಿದ್ದ ಮನೆಗೆ ಬೇರೆ ಕಚೇರಿ, ಬೇರೆ ಅರ್ಜಿ ಎಂದು ಪರಮಾನಂದನಿಗೆ ತಿಳಿಸಿ ಹೇಳಿದ. ಪರಮಾನಂದ ತಿಳಿಯದವನಂತೆ ತಲೆ ಆಡಿಸಿದ. ಊರಿನ ಲೆಕ್ಕ ಬರೆಯುವ ತಲಾಟಿ ಬಂದು ಪಂಚನಾಮೆ ಮಾಡುತ್ತಾನೆ ಎಂದು ಓವರ್‌ಸಿಯರ್ ಹೇಳುತ್ತಿರುವಾಗಲೇ ಹುಲಿಗೆವ್ವ ಸೆರಗು ಬಿಗಿದು, ರಾಶಿಯಲ್ಲಿ ಕೂತು, ಬರಿಗೈಯಿಂದ ಮಣ್ಣು ತೆಗೆಯತೊಡಗಿದಳು. ಯಾರೂ ಬೇಡ ಅನ್ನಲಿಲ್ಲ. ಜೀಪು ಎತ್ತಲು ಕೇರಿಯ ಹೆಂಗಸರನ್ನು ಕರೆದರು, ಅವರು ಹೋದರು. ಅವಳು ಏಳಲಿಲ್ಲ.

ಹೊತ್ತು ಇಳಿಯುವಾಗ ಗೊಳಸಂಗಿಯ ಕಡೆಯಿಂದ ಬಂದ ಒಬ್ಬ ರಸ್ತೆಯಲ್ಲೇ ನಿಂತು, ಶೆಟ್ಟೆವ್ವನಿಗೆ ಬೆಳಗಿನಿಂದ ಬೇನೆ ಹತ್ತಿದೆ ಎಂದು ಕೂಗಿ ಹೇಳಿದ. ಆ ಹೊತ್ತಿಗೆ ಅತ್ತ ಹೋಗುವ ಬಸ್ಸು ಇರಲಿಲ್ಲ.

"ಯಾರನ್ನ ಕರಸ್ಯಾರ?" ಎಂದು ಹುಲಿಗೆವ್ವ ಕೇಳಿದಳು.

"ಅಲ್ಲಿ ಸೂಲಗಿತ್ತಿ ಖಾತುನಬಿನ್ನ."

"ಕೈ ಚಲೋ ಐತಿ ಅಕಿದು," ಅಂದಳು. ಆಮೇಲೆ ಮತ್ತೆ ಮಣ್ಣಿಗೆ ಕೈ ಹಾಕಿದಳು. ಪರಮಾನಂದ ಆಚೆ ತುದಿಯಿಂದ ಜಂತಿಗಳನ್ನು ಎಳೆಯುತ್ತಿದ್ದ. 

ಕತ್ತಲಾಗುವ ಮೊದಲು ರಾಶಿ ಅರ್ಧ ಕರಗಿತು. ಅಷ್ಟರಲ್ಲಿ ಲೆಕ್ಕಕ್ಕೆ ಸಿಕ್ಕಂತೆ ಹೋದದ್ದು ಇಷ್ಟು: ಜಂತಿ ಏಳು, ತೊಲೆ ಒಂದು, ಹೊರಸು, ಬೀಸುಕಲ್ಲಿನ ಮೇಲಿನ ಹೋಳು, ಕೊಡ ಎರಡು, ಕಾವಿಗೆ ಕೂತಿದ್ದ ಕೋಳಿ ಒಂದು, ಅದರ ಕೆಳಗಿನ ತತ್ತಿ ಹನ್ನೊಂದು.